ಬಿಷಪ್ ವಿ. ಎಸ್. ಅಜರಯ್ಯನವರು ಮತ್ತು ಸಭೈಕ್ಯ

ಕನ್ನಡ ಅಧ್ಯಯನದ ಮಟ್ಟಿಗೆ ಕ್ರೈಸ್ತ ಮಿಷನ್ ಎಂದರೆ ಬಹುಮಟ್ಟಿಗೆ ಪುಸ್ತಕಗಳ ಚರಿತ್ರೆ. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯ, 1843ರ ‘ಮಂಗಳೂರ ಸಮಾಚಾರ’, 1894ರಲ್ಲಿ ಹೊರಬಂದ ಕಿಟ್ಟೆಲರ ನಿಘಂಟು, ಇವುಗಳ ಋಣವನ್ನು ನಾವು ಮತ್ತೆ ಮತ್ತೆ ಸ್ಮರಿಸುತ್ತೇವೆ. ಸ್ಮರಿಸಬೇಕಾದುದೇ ಸರಿ. ಆದರೆ ಅದೇ ಕಾಲದಲ್ಲಿ ಮಿಷನ್ನುಗಳ ಆಶ್ರಯದಲ್ಲಿ ರೂಪುಗೊಳ್ಳುತ್ತಿದ್ದ ದೇಶೀಯ ಸಭೆಗಳ ಒಳಗೆ ಏನು ನಡೆಯುತ್ತಿತ್ತು, ಅಲ್ಲಿ ಯಾರು ಯಾರ ಪಕ್ಕದಲ್ಲಿ ಕುಳಿತುಕೊಳ್ಳುತ್ತಿದ್ದರು, ಯಾರು ಯಾರ ಮನೆಯಲ್ಲಿ ಉಣ್ಣುತ್ತಿದ್ದರು ಎಂಬ ಪ್ರಶ್ನೆಗಳನ್ನು ನಮ್ಮ ವಿದ್ವತ್ತು ಹೆಚ್ಚಾಗಿ ಕೇಳಿಕೊಂಡಿಲ್ಲ. ಕನ್ನಡ ಬೈಬಲಿನ ಅನುವಾದಕರು ಗ್ರೀಕಿನ ಎಕ್ಲೇಸಿಯ ಎಂಬ ಶಬ್ದಕ್ಕೆ ‘ಸಭೆ’ ಎಂಬ ಪದವನ್ನು ಬಳಸಿದರು. ಈ ಆಯ್ಕೆ ಅರ್ಥಪೂರ್ಣವಾದುದು. ಸಭೆಯೆಂದರೆ ಕಟ್ಟಡವಲ್ಲ, ಕೂಡಿದ ಜನ. ಕೂಡುವುದೆಂದರೆ ಏನು ಎಂಬುದನ್ನು ತನ್ನ ಜೀವಮಾನದುದ್ದಕ್ಕೂ ಗಂಭೀರವಾಗಿ ಕೇಳಿದ ವ್ಯಕ್ತಿಯೊಬ್ಬರ ಚರಿತ್ರೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಅವರು ಹುಟ್ಟಿದ್ದು ತಮಿಳರಾಗಿ, ದುಡಿದದ್ದು ತೆಲುಗರ ನಡುವೆ. ಆದರೂ ಅವರ ಶ್ರಮದ ಫಲ ಕನ್ನಡ ಸಭೆಗಳಿಗೂ ಸಂದಿದೆ.

ವೇದನಾಯಗಂ ಸಾಮ್ಯುಯೆಲ್ ಅಜರಯ್ಯನವರು ಹುಟ್ಟಿದ್ದು 1874ರ ಆಗಸ್ಟ್ 17ರಂದು, ತಿರುನೆಲ್ವೇಲಿ ಸೀಮೆಯ ವೆಳ್ಳಾಳನ್‌ವಿಳೈ ಎಂಬ ಹಳ್ಳಿಯಲ್ಲಿ. ತಂದೆ ತಾಮಸ್ ವೇದನಾಯಗಂ ಹಿಂದೂಧರ್ಮದಿಂದ ಕ್ರೈಸ್ತಧರ್ಮಕ್ಕೆ ಬಂದವರು, ಆ ಹಳ್ಳಿಯ ಆಂಗ್ಲಿಕನ್ ಸಭೆಯ ಪಾದ್ರಿ. ತಾಯಿ ಎಲೆನ್. ಹಂಬಲಿಸಿ ಪಡೆದ ಮಗನಿಗೆ ಬೈಬಲಿನ ಸಮುವೇಲನ ಹೆಸರನ್ನಿಟ್ಟು ಆತನನ್ನು ದೇವರ ಸೇವೆಗೆ ಒಪ್ಪಿಸಿದರು. ಕುಟುಂಬ ನಾಡಾರ್ ಸಮುದಾಯಕ್ಕೆ ಸೇರಿದುದು. ತಾಳೆಮರವೇರಿ ಬದುಕುತ್ತಿದ್ದ ಈ ಜನ ಹತ್ತೊಂಬತ್ತನೆಯ ಶತಮಾನದಲ್ಲಿ ಅನುಭವಿಸಿದ ಅವಮಾನ ಅಷ್ಟಿಷ್ಟಲ್ಲ. ದೇವಾಲಯ ಪ್ರವೇಶ ಅವರಿಗೆ ನಿಷಿದ್ಧವಾಗಿತ್ತು. ನೆರೆಯ ತಿರುವಾಂಕೂರಿನಲ್ಲಿ ಹೆಂಗಸರು ಎದೆಯನ್ನು ಮುಚ್ಚಿಕೊಳ್ಳುವ ಹಕ್ಕಿಗಾಗಿಯೇ ದಶಕಗಳ ಕಾಲ ಹೋರಾಡಬೇಕಾಯಿತು. 1859ರ ರಾಜಾಜ್ಞೆ ಆ ಹಕ್ಕನ್ನು ಭಾಗಶಃ ಮಾತ್ರ ನೀಡಿತು. ಅವಮಾನಿತರಾದವರು ತಮಗಿಂತ ಕೆಳಗಿನವರೆಂದು ಎಣಿಸಿದವರನ್ನು ತಾವೂ ಅವಮಾನಿಸುವುದು ನಮ್ಮ ಸಮಾಜದ ಹಳೆಯ ವಿಕಾರ. ತಿರುನೆಲ್ವೇಲಿಯ ಕ್ರೈಸ್ತ ಸಭೆಗಳೂ ಅದರಿಂದ ಮುಕ್ತವಾಗಿರಲಿಲ್ಲ. ಮೆಗ್ಞಾನಪುರದ ವಸತಿಶಾಲೆಯಲ್ಲಿ ಓದುತ್ತಿದ್ದಾಗ ಜಾತಿಜಾತಿಯ ಹುಡುಗರ ನಡುವಣ ಬಿರುಕನ್ನು ಕಂಡ ಅಜರಯ್ಯನವರು ಗೆಳೆಯರೊಡನೆ ಸೇರಿ ಅದನ್ನು ನಿವಾರಿಸಲು ಒಂದು ಸಣ್ಣ ಸಂಘವನ್ನು ಕಟ್ಟಿದರು. ಹುಡುಗರ ಸಂಘವೆಂದು ಅದನ್ನು ಬದಿಗಿಡಬಹುದಿತ್ತು. ಆದರೆ ಮುಂದಿನ ಅರ್ಧ ಶತಮಾನದಲ್ಲಿ ಅವರು ಮಾಡಿದ ಕೆಲಸವೆಲ್ಲ ಆ ಸಂಘದ ವಿಸ್ತರಣೆಯೇ ಎಂದು ನನಗೆ ತೋರುತ್ತದೆ.

ಮುಂದೆ ಅವರು ಮದರಾಸಿನ ಕ್ರಿಶ್ಚಿಯನ್ ಕಾಲೇಜನ್ನು ಸೇರಿದರು. ವಿಲಿಯಂ ಮಿಲ್ಲರ್ ಅಲ್ಲಿ ಪ್ರಾಂಶುಪಾಲರಾಗಿದ್ದ ಕಾಲ ಅದು. ಗಣಿತವನ್ನು ಅಭ್ಯಾಸ ಮಾಡಿದರೂ ಕೊನೆಯ ಪರೀಕ್ಷೆಯ ಹೊತ್ತಿಗೆ ಅನಾರೋಗ್ಯದಿಂದಾಗಿ ಪದವಿ ಕೈತಪ್ಪಿತು. 1895ರಲ್ಲಿ ವೈ.ಎಂ.ಸಿ.ಎ. ಸಂಸ್ಥೆಯ ಕಾರ್ಯದರ್ಶಿಯಾಗಿ ಸೇರಿ 1909ರವರೆಗೆ ದಕ್ಷಿಣ ಭಾರತದುದ್ದಕ್ಕೂ ತಿರುಗಾಡಿದರು. 1898ರಲ್ಲಿ ಅನ್ಬು ಮರಿಯಮ್ಮಾಳ್ ಅವರೊಡನೆ ವಿವಾಹವಾಯಿತು. ಆ ಕಾಲದ ತಿರುನೆಲ್ವೇಲಿಯಲ್ಲಿ ಕಾಲೇಜಿನ ಮೆಟ್ಟಿಲೇರಿದ್ದ ವಿರಳ ಕ್ರೈಸ್ತ ಮಹಿಳೆಯರಲ್ಲಿ ಅನ್ಬು ಒಬ್ಬರು. ಮುಂದೆ ತೆಲುಗು ಹಳ್ಳಿಗಳ ಹೆಂಗಸರ ನಡುವೆ ಅವರು ಮಾಡಿದ ಕೆಲಸ ಪತಿಯ ಕೆಲಸಕ್ಕೆ ಕಡಿಮೆಯದಲ್ಲ.

ವೈ.ಎಂ.ಸಿ.ಎ. ಯಾವುದೊಂದು ಪಂಗಡಕ್ಕೂ ಸೇರಿದ ಸಂಸ್ಥೆಯಲ್ಲ. ಅಲ್ಲಿ ಅಜರಯ್ಯನವರಿಗೆ ಆಂಗ್ಲಿಕನ್, ಪ್ರೆಸ್ಬಿಟೇರಿಯನ್, ಮೆಥಡಿಸ್ಟ್, ಕಾಂಗ್ರಿಗೇಷನಲ್ ಪಂಗಡಗಳ ಯುವಕರೊಡನೆ ಒಟ್ಟಿಗೆ ದುಡಿಯುವ ಅವಕಾಶ ಒದಗಿತು. ಶರ್ವುಡ್ ಎಡ್ಡಿ ಎಂಬ ಅಮೆರಿಕನ್ ಯುವಕನೊಂದಿಗೆ ಬೆಳೆದ ಸ್ನೇಹ ಕೊನೆಯವರೆಗೂ ಉಳಿಯಿತು. ಒಬ್ಬ ಬಿಳಿಯನೂ ಒಬ್ಬ ಭಾರತೀಯನೂ ಸಮಾನ ಸ್ನೇಹಿತರಾಗಿ ಇರಬಲ್ಲರೆಂಬುದನ್ನು ಅವರು ಗ್ರಂಥಗಳಿಂದ ಅರಿತದ್ದಲ್ಲ, ಈ ಗೆಳೆತನದಿಂದ ಅರಿತದ್ದು. 1902ರಲ್ಲಿ ಜಾಫ್ನಾಕ್ಕೆ ಹೋದಾಗ ಅಲ್ಲಿನ ತಮಿಳು ಕ್ರೈಸ್ತರು ತಮ್ಮದೇ ಹಣದಿಂದ ಧರ್ಮಪ್ರಸಾರ ನಡೆಸುತ್ತಿದ್ದುದನ್ನು ಕಂಡು, ತಮ್ಮ ಜನ ಇನ್ನೂ ಪರದೇಶದವರ ಕೈಯನ್ನೇ ಕಾಯುತ್ತಿರುವುದಕ್ಕೆ ನಾಚಿಕೊಂಡರು. ಮರುವರ್ಷವೇ ತಿರುನೆಲ್ವೇಲಿಯ ಇಂಡಿಯನ್ ಮಿಷನರಿ ಸೊಸೈಟಿ ಹುಟ್ಟಿತು. 1905ರ ಡಿಸೆಂಬರ್ 25ರಂದು ಸೆರಾಂಪುರದಲ್ಲಿ, ಕೆ. ಟಿ. ಪಾಲ್ ಮೊದಲಾದವರೊಡನೆ ಸೇರಿ ನ್ಯಾಷನಲ್ ಮಿಷನರಿ ಸೊಸೈಟಿಯನ್ನು ಸ್ಥಾಪಿಸಿದರು. ದುಡಿಯುವವರು ಭಾರತೀಯರು, ಹಣ ಭಾರತೀಯರದು, ಆಡಳಿತವೂ ಭಾರತೀಯರದೇ ಎಂಬುದು ಅದರ ನಿಯಮ. ಬಂಗಾಳ ವಿಭಜನೆಯ ವಿರುದ್ಧ ಸ್ವದೇಶಿ ಚಳವಳಿ ತಲೆಯೆತ್ತಿದ ವರ್ಷವೂ ಅದೇ ಎಂಬುದನ್ನು ಗಮನಿಸಬೇಕು. ಈ ಸಂಸ್ಥೆ ತನ್ನದೇ ಆದ ಇನ್ನೊಂದು ಪಂಗಡವನ್ನು ಹುಟ್ಟಿಸಬಾರದೆಂದು ಆರಂಭದಲ್ಲಿಯೇ ನಿರ್ಧರಿಸಿದ್ದರು. ಇದ್ದ ಗೋಡೆಗಳೇ ಸಾಕಾಗಿದ್ದವು.

ಆ ಗೋಡೆಗಳ ಸ್ವರೂಪವನ್ನು ಇಲ್ಲಿ ಸ್ವಲ್ಪ ವಿವರಿಸುವುದು ಅಗತ್ಯ. ಪ್ರಾಟೆಸ್ಟಂಟ್ ಮಿಷನ್ನುಗಳು ಪರಸ್ಪರ ಸ್ಪರ್ಧೆಯನ್ನು ತಪ್ಪಿಸಲು ಭಾರತದ ಭೂಪಟವನ್ನು ತಮ್ಮೊಳಗೆ ಹಂಚಿಕೊಂಡಿದ್ದವು. ಕನ್ನಡನಾಡಿನ ಉದಾಹರಣೆಯಿಂದಲೇ ಇದನ್ನು ತಿಳಿಯಬಹುದು. ಬೈಬಲನ್ನು ಕನ್ನಡಕ್ಕೆ ತರಲು ಮೊದಲಿಗೆ ಶ್ರಮಿಸಿದವರಲ್ಲೊಬ್ಬರಾದ ಜಾನ್ ಹ್ಯಾಂಡ್ಸ್ ದುಡಿದ ಬಳ್ಳಾರಿ ಲಂಡನ್ ಮಿಷನ್ನಿಗೆ ಸೇರಿತ್ತು. ಧಾರವಾಡ, ಮಂಗಳೂರುಗಳು ಬಾಸೆಲ್ ಮಿಷನ್ನಿನವು. ಮೈಸೂರು, ತುಮಕೂರುಗಳಲ್ಲಿ ವೆಸ್ಲಿಯನ್ ಮೆಥಡಿಸ್ಟರು. ಆದುದರಿಂದ ಬಳ್ಳಾರಿಯಲ್ಲಿ ದೀಕ್ಷಾಸ್ನಾನ ಪಡೆದವನು ಕಾಂಗ್ರಿಗೇಷನಲಿಸ್ಟನೂ ಮೈಸೂರಿನಲ್ಲಿ ಪಡೆದವನು ಮೆಥಡಿಸ್ಟನೂ ಆಗುತ್ತಿದ್ದ. ಇಂಗ್ಲೆಂಡಿನ ಹದಿನೇಳನೆಯ, ಹದಿನೆಂಟನೆಯ ಶತಮಾನದ ಜಗಳಗಳ ಗಂಧವೂ ಇಲ್ಲದ ರೈತನೊಬ್ಬ, ಕೇವಲ ತನ್ನ ಊರು ಇರುವ ತಾಲ್ಲೂಕಿನ ಕಾರಣದಿಂದ, ಆ ಜಗಳಗಳ ವಾರಸುದಾರನಾಗುತ್ತಿದ್ದ. ಕೆಲಸ ಹುಡುಕಿಕೊಂಡು ಇನ್ನೊಂದು ಊರಿಗೆ ಹೋದರೆ ಅಲ್ಲಿನ ಪ್ರಭುಭೋಜನದ ಪಂಕ್ತಿಯಲ್ಲಿ ಅವನಿಗೆ ಸ್ಥಾನವಿದೆಯೇ ಇಲ್ಲವೇ ಎಂಬುದು ವಾದದ ವಿಷಯವಾಗುತ್ತಿತ್ತು. ಪಂಕ್ತಿಭೇದವೆಂಬ ಮಾತು ನಮಗೆ ಹೊಸದಲ್ಲ. ಕ್ರೈಸ್ತ ಸಭೆಯಲ್ಲಿ ಅದು ಎರಡು ದಾರಿಗಳಿಂದ ಬಂದಿತ್ತು, ಒಂದು ಊರಿನ ಕೇರಿಯಿಂದ, ಇನ್ನೊಂದು ಹಡಗಿನಿಂದ.

1909ರಲ್ಲಿ ಅಜರಯ್ಯನವರು ವೈ.ಎಂ.ಸಿ.ಎ.ಯ ಹುದ್ದೆಯನ್ನು ಬಿಟ್ಟು, ಪಾದ್ರಿಯಾಗಿ ದೀಕ್ಷೆ ಪಡೆದು, ದೋರ್ನಕಲ್ಲಿಗೆ ಹೋದರು. ನಿಜಾಮರ ರಾಜ್ಯದ ಪೂರ್ವಭಾಗದಲ್ಲಿ, ಸಿಂಗರೇಣಿಯ ಕಲ್ಲಿದ್ದಲ ಸೀಮೆಗೆ ಹತ್ತಿರವಾಗಿ, ರೈಲುಹಾದಿಯ ಕವಲಿನಲ್ಲಿದ್ದ ಸಣ್ಣ ಊರು ಅದು. ಈಗ ತೆಲಂಗಾಣದ ಮಹಬೂಬಾಬಾದ್ ಜಿಲ್ಲೆಯಲ್ಲಿದೆ. ರಾಯಚೂರು, ಕಲಬುರಗಿ, ಬೀದರಗಳೂ ಆಗ ಅದೇ ರಾಜ್ಯದಲ್ಲಿದ್ದುವು. ಮೂವತ್ತೈದರ ಅಂಚಿನಲ್ಲಿದ್ದ ಅವರು ಅಲ್ಲಿ ಮಕ್ಕಳಂತೆ ತೆಲುಗು ಅಕ್ಷರಮಾಲೆಯಿಂದ ಪ್ರಾರಂಭಿಸಿದರು.

ಮರುವರ್ಷ, 1910ರ ಜೂನಿನಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ವಿಶ್ವ ಮಿಷನರಿ ಸಮ್ಮೇಳನ ನಡೆಯಿತು. ಸುಮಾರು 1200 ಪ್ರತಿನಿಧಿಗಳು ನೆರೆದಿದ್ದರು. ಅವರಲ್ಲಿ ಏಷ್ಯದವರ ಸಂಖ್ಯೆ ಇಪ್ಪತ್ತನ್ನೂ ಮುಟ್ಟಿರಲಿಲ್ಲ. ವಿದೇಶೀಯ ಮತ್ತು ದೇಶೀಯ ಕಾರ್ಯಕರ್ತರ ಸಹಕಾರವೆಂಬ ವಿಷಯದ ಮೇಲೆ ಮಾತನಾಡಲು ಅಜರಯ್ಯನವರನ್ನು ಕೇಳಿಕೊಂಡಿದ್ದರು. ಕೃತಜ್ಞತೆಯ ನಾಲ್ಕು ಮಾತನ್ನು ನಿರೀಕ್ಷಿಸಿ ಬಂದಿದ್ದವರಿಗೆ ಅಂದು ಸಿಕ್ಕಿದ್ದು ಬೇರೆಯೇ. ಮಿಷನರಿಗಳ ತ್ಯಾಗವನ್ನು ಅವರು ಮನಸಾರೆ ಹೊಗಳಿದರು. ಅನಂತರ, ವರ್ಷಗಟ್ಟಲೆ ಒಂದೇ ಊರಿನಲ್ಲಿ ಒಟ್ಟಿಗೆ ದುಡಿದರೂ ಬಿಳಿಯ ಮಿಷನರಿಗೂ ಭಾರತೀಯ ಪಾದ್ರಿಗೂ ನಡುವೆ ಯಜಮಾನ ಮತ್ತು ನೌಕರ ಎಂಬ ಸಂಬಂಧಕ್ಕಿಂತ ಹೆಚ್ಚಿನದೇನೂ ಬೆಳೆಯುತ್ತಿಲ್ಲವೆಂದು ನೇರವಾಗಿ ಹೇಳಿದರು. ಮನೆಗೆ ಬಂದವನ ಕೈಕುಲುಕುವುದು, ಕುರ್ಚಿ ಕೊಡುವುದು, ಊಟಕ್ಕೆ ಕರೆಯುವುದು ಇವು ತಮ್ಮಷ್ಟಕ್ಕೆ ದೊಡ್ಡ ಸಂಗತಿಗಳಲ್ಲವೆಂದೂ, ಸ್ನೇಹದ ಗುರುತಾಗುವುದಾದರೆ ಅವೆಲ್ಲವೂ ಬೇಕು, ಅದಕ್ಕಿಂತ ಹೆಚ್ಚಿನದೂ ಬೇಕೆಂದೂ ವಾದಿಸಿದರು. ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ ಹದಿಮೂರನೆಯ ಅಧ್ಯಾಯ ಪ್ರೀತಿಯನ್ನು ಕುರಿತದ್ದು. ಆಸ್ತಿಯನ್ನೂ ದೇಹವನ್ನೂ ಕೊಟ್ಟು ಪ್ರೀತಿಯನ್ನು ಕೊಡದಿದ್ದರೆ ಏನೂ ಆಗದೆಂಬ ಆ ಅಧ್ಯಾಯದ ತರ್ಕವನ್ನೇ ಹಿಡಿದು, ನಮಗೆ ಬೇಕಾಗಿರುವುದು ದಾನಿಗಳಲ್ಲ, ಸ್ನೇಹಿತರು ಎಂಬ ಕೋರಿಕೆಯಲ್ಲಿ ಮಾತನ್ನು ಮುಗಿಸಿದರು. ಸಭಾಂಗಣದಲ್ಲಿದ್ದ ಕೆಲವು ಮಿಷನರಿಗಳಿಗೆ ಇದು ರುಚಿಸಲಿಲ್ಲ. ಆ ಸಮ್ಮೇಳನದ ಭಾಷಣಗಳಲ್ಲಿ ಇಂದಿಗೂ ನೆನಪಿನಲ್ಲಿ ಉಳಿದಿರುವುದು ಬಹುಶಃ ಇದೊಂದೇ.

ಈ ಭಾಷಣವನ್ನು ರಾಷ್ಟ್ರೀಯತೆಯ ಪ್ರಥಮ ಗುಡುಗು ಎಂಬಂತೆ ವರ್ಣಿಸುವ ರೂಢಿಯಿದೆ. ಅದು ತಪ್ಪಲ್ಲ, ಆದರೆ ಸಾಲದು. ಅವರು ಕೇಳಿದ್ದು ಅಧಿಕಾರದ ಹಂಚಿಕೆಯನ್ನಷ್ಟೇ ಆಗಿದ್ದರೆ, 1912ರಲ್ಲಿ ಅದು ಅವರಿಗೆ ಸಿಕ್ಕಿತ್ತು. ಮದರಾಸಿನ ಬಿಷಪ್ ಹೆನ್ರಿ ವೈಟ್‌ಹೆಡ್ ಅವರ ಒತ್ತಾಸೆಯಿಂದ, ಆ ವರ್ಷದ ಡಿಸೆಂಬರ್ 29ರಂದು ಕಲ್ಕತ್ತೆಯ ಸೇಂಟ್ ಪಾಲ್ಸ್ ಕೆಥೆಡ್ರಲಿನಲ್ಲಿ, ತಮ್ಮ ಮೂವತ್ತೆಂಟನೆಯ ವಯಸ್ಸಿನಲ್ಲಿ, ಅವರು ದೋರ್ನಕಲ್ಲಿನ ಬಿಷಪ್ಪರಾಗಿ ಅಭಿಷಿಕ್ತರಾದರು. ಆಂಗ್ಲಿಕನ್ ಪರಂಪರೆಯಲ್ಲಿ ಆ ಪದವಿಗೇರಿದ ಮೊದಲ ಭಾರತೀಯರು ಇವರೇ. ವಿರೋಧ ಸಾಕಷ್ಟಿತ್ತು. ಭಾರತೀಯನೊಬ್ಬನ ಕೈಕೆಳಗೆ ದುಡಿಯಲು ಒಪ್ಪದ ಬಿಳಿಯರಿದ್ದರು. ನಾಡಾರನೊಬ್ಬ ತಮ್ಮ ಮೇಲೆ ಬಿಷಪ್ಪನಾಗುವುದನ್ನು ಒಪ್ಪದ ಭಾರತೀಯ ಕ್ರೈಸ್ತರೂ ಇದ್ದರು. ಎರಡನೆಯದನ್ನು ನಮ್ಮ ಚರಿತ್ರಕಾರರು ಅಷ್ಟಾಗಿ ಎತ್ತಿಹೇಳುವುದಿಲ್ಲ.

ಅಧಿಕಾರ ಬಂದ ಮೇಲೂ ಅಜರಯ್ಯನವರ ಮೂಲ ಪ್ರಶ್ನೆ ಹಾಗೆಯೇ ಉಳಿದಿತ್ತು. ಆರು ಮಂದಿ ಪಾದ್ರಿಗಳಿದ್ದ ಅವರ ಪುಟ್ಟ ಪ್ರಾಂತ್ಯ ಮುಂದೆ ಕೃಷ್ಣಾ, ಗುಂಟೂರು, ಕರ್ನೂಲು ಸೀಮೆಗಳ ತೆಲುಗು ಸಭೆಗಳನ್ನೂ ಒಳಗೊಂಡು ಹಿಗ್ಗಿತು. ಅವರ ಕೊನೆಗಾಲಕ್ಕೆ ಅಲ್ಲಿನ ಕ್ರೈಸ್ತರ ಸಂಖ್ಯೆ ಎರಡು ಲಕ್ಷವನ್ನು ಮೀರಿತ್ತು. ಈ ಜನರಲ್ಲಿ ಬಹುಪಾಲು ಮಾಲ ಮತ್ತು ಮಾದಿಗ ಸಮುದಾಯಗಳಿಗೆ ಸೇರಿದವರು. ಊರಿನ ಹೊರಗೆ ಇಬ್ಬರಿಗೂ ಒಂದೇ ಗತಿ. ಆದರೆ ಒಬ್ಬರ ಕೈಯ ನೀರನ್ನು ಇನ್ನೊಬ್ಬರು ಮುಟ್ಟುತ್ತಿರಲಿಲ್ಲ. ಒಂದು ಸಮುದಾಯ ಒಂದು ಮಿಷನ್ನನ್ನು ಸೇರಿದರೆ ಇನ್ನೊಂದು ದೂರ ನಿಲ್ಲುತ್ತಿತ್ತು, ಇಲ್ಲವೇ ಮತ್ತೊಂದು ಮಿಷನ್ನಿನ ಬಾಗಿಲು ತಟ್ಟುತ್ತಿತ್ತು. ಒಂಗೋಲಿನ ಅಮೆರಿಕನ್ ಬ್ಯಾಪ್ಟಿಸ್ಟ್ ಸಭೆಯಲ್ಲಿ ಮಾದಿಗರು ಬಹುಸಂಖ್ಯಾತರು. ಕೃಷ್ಣಾ ಗುಂಟೂರು ಕಡೆಯ ಆಂಗ್ಲಿಕನ್ ಹಾಗೂ ಲೂಥರನ್ ಸಭೆಗಳಲ್ಲಿ ಮಾಲರು ಬಹುಸಂಖ್ಯಾತರು. ಹೀಗೆ ಹಡಗಿನಿಂದ ಬಂದ ಗೋಡೆ ಕೇರಿಯ ಗೋಡೆಯ ಮೇಲೆಯೇ ಕುಳಿತುಕೊಂಡಿತ್ತು. ಪಂಗಡಗಳ ಐಕ್ಯದ ಮಾತನ್ನು ಯೂರೋಪಿನವರು ದೇವತಾಶಾಸ್ತ್ರದ ಪ್ರಶ್ನೆಯೆಂದು ತಿಳಿದಿದ್ದಾಗ ಅಜರಯ್ಯನವರು ಅದನ್ನು ಊಟದ ಪಂಕ್ತಿಯ ಪ್ರಶ್ನೆಯಾಗಿ ಕಂಡದ್ದು ಏಕೆಂಬುದು ಇದರಿಂದ ತಿಳಿಯುತ್ತದೆ.

ಎತ್ತಿನ ಗಾಡಿಯಲ್ಲಿ ಹಳ್ಳಿಹಳ್ಳಿಗೆ ಹೋಗಿ, ಗಿಡದಡಿಯಲ್ಲಿಯೋ ಹುಲ್ಲುಮಾಡಿನ ಶಾಲೆಯಲ್ಲಿಯೋ ಜನರನ್ನು ಕೂಡಿಸಿ ಪಾಠ ಹೇಳುವುದು ಅವರ ವರ್ಷದ ದೊಡ್ಡ ಪಾಲನ್ನು ತೆಗೆದುಕೊಳ್ಳುತ್ತಿತ್ತು. ಆರಾಧನೆಯಲ್ಲಿ ಜನರು ತಮ್ಮ ಕೈಗಳನ್ನು ತಲೆಯ ಮೇಲಿಟ್ಟುಕೊಂಡು, ತಾವು ದೀಕ್ಷಾಸ್ನಾನ ಪಡೆದವರೆಂದೂ ಸುವಾರ್ತೆಯನ್ನು ಸಾರುವುದು ತಮ್ಮ ಹೊಣೆಯೆಂದೂ ಒಟ್ಟಾಗಿ ಹೇಳುವ ಪದ್ಧತಿಯನ್ನು ಬೆಳೆಸಿದರು. ಯಾರ ನೆರಳೂ ಸೋಕಬಾರದೆಂದು ಊರು ದೂರವಿಟ್ಟಿದ್ದ ತಲೆಗಳವು. ಸುಗ್ಗಿಯ ಹಬ್ಬಕ್ಕೆ ಧಾನ್ಯ, ಕೋಳಿ, ಕುಂಬಳಕಾಯಿಗಳ ಕಾಣಿಕೆ ಬರುತ್ತಿತ್ತು. ಬಡವನೂ ಕೊಡಬೇಕು, ಕೊಡುವುದರಿಂದಲೇ ಅವನು ಸಭೆಯ ಋಣಿಯಾಗಿ ಉಳಿಯದೆ ಒಡೆಯನಾಗುತ್ತಾನೆ ಎಂಬುದು ಅವರ ನಿಲುವು. ಈ ವಿಷಯವಾಗಿ ‘ಕ್ರಿಶ್ಚಿಯನ್ ಗಿವಿಂಗ್’ ಎಂಬ ಪುಸ್ತಕವನ್ನೇ ಬರೆದರು. ಬೇರೆಬೇರೆ ಸಮುದಾಯದವರು ಒಟ್ಟಿಗೆ ಕುಳಿತು ಉಣ್ಣುವುದರಲ್ಲಿ ಅವರು ಸಡಿಲಿಕೆ ತೋರಲಿಲ್ಲ. ಅವರ ಆಡಳಿತ ಮೃದುವಾಗಿತ್ತೆಂದು ಹೇಳಲಾಗದು. ಮದುವೆ, ಮದ್ಯಪಾನ, ಜಾತ್ಯಾಚಾರಗಳ ವಿಷಯದಲ್ಲಿ ಅವರು ಕಟ್ಟುನಿಟ್ಟಿನ ಹಿರಿಯನಂತೆ ನಡೆದುಕೊಂಡರು. ಎಡಿನ್‌ಬರೋದಲ್ಲಿ ಪಿತೃವಾತ್ಸಲ್ಯದ ಠೀವಿಯನ್ನು ಖಂಡಿಸಿದವರು ತಮ್ಮ ಹಳ್ಳಿಗಳಲ್ಲಿ ಸ್ವತಃ ಪಿತೃವಾದರು ಎಂಬ ಆಕ್ಷೇಪಕ್ಕೆ ಆಧಾರವಿಲ್ಲದಿಲ್ಲ.

ಕನ್ನಡ ಓದುಗರಿಗೆ ಈ ಹಂತದಲ್ಲಿ ಹನ್ನೆರಡನೆಯ ಶತಮಾನದ ಕಲ್ಯಾಣ ನೆನಪಾಗುವುದು ಸಹಜ. ಹರಳಯ್ಯ ಮಧುವರಸರ ಮನೆಗಳ ನಡುವಣ ಮದುವೆಯ ಕಥೆ ನಮಗೆ ಹೇಳುವುದೂ ಭಕ್ತಿ ಮತ್ತು ಪಂಕ್ತಿಗಳ ಈ ಬಿಕ್ಕಟ್ಟನ್ನೇ. ಅಜರಯ್ಯನವರಿಗೆ ಶರಣರ ಪರಿಚಯವಿತ್ತೆಂದು ನಾನು ಹೇಳುತ್ತಿಲ್ಲ. ಎರಡೂ ಕಡೆ ಪರೀಕ್ಷೆ ನಡೆದದ್ದು ಒಂದೇ ಜಾಗದಲ್ಲಿ ಎಂಬುದಷ್ಟೇ ನನ್ನ ಮಾತು.

1919ರ ಮೇ 1 ಮತ್ತು 2ರಂದು ತರಂಗಂಬಾಡಿಯಲ್ಲಿ ಮೂವತ್ಮೂರು ಮಂದಿ ಸೇರಿದರು. ಆ ಕಡಲತೀರದ ಊರು ಸುಮ್ಮನೆ ಆಯ್ದುದಲ್ಲ. 1706ರಲ್ಲಿ ಚೀಗನ್‌ಬಾಲ್ಗ್ ಬಂದಿಳಿದು ಭಾರತದಲ್ಲಿ ಪ್ರಾಟೆಸ್ಟಂಟ್ ಮಿಷನ್ನನ್ನು ಆರಂಭಿಸಿದ್ದು ಅಲ್ಲಿಯೇ. ಸೇರಿದವರಲ್ಲಿ ಒಬ್ಬಿಬ್ಬರನ್ನುಳಿದು ಎಲ್ಲರೂ ಭಾರತೀಯರು. ಕೆಲವರು ಆಂಗ್ಲಿಕನರು, ಬಹುಮಂದಿ ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್ ಸಭೆಗಳು 1908ರಲ್ಲಿ ಕೂಡಿ ರೂಪಿಸಿದ್ದ ದಕ್ಷಿಣ ಭಾರತ ಐಕ್ಯ ಸಭೆಯವರು. ಅಜರಯ್ಯನವರ ಜೊತೆಗೆ ಹಳೆಯ ಗೆಳೆಯ ಎಡ್ಡಿಯೂ ಅಲ್ಲಿದ್ದರು. ಈ ಕೂಟ ಹೊರಡಿಸಿದ ಹೇಳಿಕೆಯ ಸಾರ ಹೀಗಿದೆ. ನಮ್ಮನ್ನು ಬೇರೆಮಾಡಿರುವ ಭೇದಗಳನ್ನು ನಾವು ಹುಟ್ಟಿಸಲಿಲ್ಲ, ಅವು ಹೊರಗಿನಿಂದ ನಮ್ಮ ಮೇಲೆ ಹೇರಲ್ಪಟ್ಟವು. ಇವನ್ನು ಹೊತ್ತುಕೊಂಡು ಈ ದೇಶದ ಜನರೆದುರು ನಿಲ್ಲುವಷ್ಟು ಬಲ ನಮಗಿಲ್ಲ. ಆದುದರಿಂದ ಕೂಡಬೇಕು. ಕೂಡುವಾಗ ಇಡೀ ಜನಸಮುದಾಯಕ್ಕೆ ಹೊಣೆ ಕೊಡುವ ಕಾಂಗ್ರಿಗೇಷನಲ್ ಅಂಶ, ಹಿರಿಯರ ಮಂಡಲಿಯ ಪ್ರೆಸ್ಬಿಟೇರಿಯನ್ ಅಂಶ, ಬಿಷಪ್ಪರ ಪರಂಪರೆಯ ಅಂಶ ಈ ಮೂರೂ ಉಳಿಯಬೇಕು. ಚರ್ಚೆಗೆ ತಳಹದಿಯಾಗಿ 1888ರ ಲ್ಯಾಂಬೆತ್ ಸೂತ್ರದ ನಾಲ್ಕು ಅಂಶಗಳನ್ನು ಸ್ವೀಕರಿಸಿದರು: ಪವಿತ್ರ ಗ್ರಂಥ, ಪ್ರಾಚೀನ ವಿಶ್ವಾಸ ಪ್ರಮಾಣಗಳು, ದೀಕ್ಷಾಸ್ನಾನ ಮತ್ತು ಪ್ರಭುಭೋಜನವೆಂಬ ಎರಡು ಸಂಸ್ಕಾರಗಳು, ಐತಿಹಾಸಿಕ ಬಿಷಪ್ ಪದವಿ.

ಎರಡು ದಿನಗಳಲ್ಲಿ ಒಪ್ಪಿದ್ದನ್ನು ನೆರವೇರಿಸಲು ಇಪ್ಪತ್ತೆಂಟು ವರ್ಷ ಹಿಡಿಯಿತು. ವೆಸ್ಲಿಯನ್ ಮೆಥಡಿಸ್ಟರು 1925ರಲ್ಲಿ ಮಾತುಕತೆಗೆ ಬಂದು ಸೇರಿದರು. 1929ರಲ್ಲಿ ಐಕ್ಯದ ಯೋಜನೆ ಮುದ್ರಣಗೊಂಡಿತು. ಅನಂತರ ಅದರ ಪರಿಷ್ಕರಣೆಗಳು ಒಂದರ ಹಿಂದೊಂದು ಬಂದವು. ತೊಡಕಿನ ಮೂಲವೆಲ್ಲ ಒಂದೇ. ಬಿಷಪ್ಪರ ಹಸ್ತನಿಕ್ಷೇಪವಿಲ್ಲದೆ ದೀಕ್ಷೆ ಪಡೆದ ಪಾದ್ರಿ ನಿಜವಾದ ಪಾದ್ರಿಯೇ? ಅಲ್ಲವೆಂದರೆ ಇನ್ನೊಂದು ಪಂಗಡದವರ ಈವರೆಗಿನ ಬದುಕನ್ನೇ ಅಲ್ಲಗಳೆದಂತೆ. ಹೌದೆಂದರೆ ಆಂಗ್ಲಿಕನರಲ್ಲಿ ಒಂದು ಬಣ ಸಿಡಿದೇಳುತ್ತಿತ್ತು. ಕೊನೆಗೆ ಕಂಡುಕೊಂಡ ದಾರಿ ವ್ಯಾವಹಾರಿಕವೂ ಹೌದು, ಒಂದು ಬಗೆಯಲ್ಲಿ ಪ್ರೀತಿಯದೂ ಹೌದು. ಕೂಡುವ ಸಭೆಗಳ ಪಾದ್ರಿಗಳೆಲ್ಲರನ್ನೂ ಮರುದೀಕ್ಷೆಯಿಲ್ಲದೆ ಇದ್ದಂತೆಯೇ ಸ್ವೀಕರಿಸುವುದು. ಮುಂದಿನ ದೀಕ್ಷೆಗಳನ್ನೆಲ್ಲ ಬಿಷಪ್ಪರೇ ನೀಡುವುದು. ಮೂವತ್ತು ವರ್ಷಗಳ ಕಾಲ ಎರಡು ಬಗೆಯ ಪಾದ್ರಿಗಳೂ ಅಕ್ಕಪಕ್ಕದಲ್ಲಿ ಬದುಕುವುದು, ಯಾವ ಊರಿನ ಸಭೆಗೂ ಅದರ ಮನಸ್ಸಿಗೆ ವಿರುದ್ಧವಾದ ಪಾದ್ರಿಯನ್ನು ಹೇರದಿರುವುದು. ಯಾರು ಸರಿ ಎಂದು ಮೊದಲು ತೀರ್ಮಾನಿಸಿ ಆಮೇಲೆ ಒಟ್ಟಿಗೆ ಬಾಳೋಣವೆಂಬುದು ಪಶ್ಚಿಮದ ಕ್ರಮವಾಗಿತ್ತು. ಒಟ್ಟಿಗೆ ಬಾಳತೊಡಗೋಣ, ತೀರ್ಮಾನ ಆಮೇಲೆ ಆಗಲಿ ಎಂಬುದು ಇಲ್ಲಿಯದು. ನನಗೆ ಈ ಯೋಜನೆಯಲ್ಲಿ ಅತ್ಯಂತ ಸ್ವಂತದ್ದೆಂದು ಕಾಣುವುದು ಈ ಕ್ರಮವ್ಯತ್ಯಾಸವೇ.

1927ರ ಲೊಸಾನ್ ಸಮ್ಮೇಳನದಲ್ಲಿಯೂ 1937ರ ಎಡಿನ್‌ಬರೋ ಸಮ್ಮೇಳನದಲ್ಲಿಯೂ ಅಜರಯ್ಯನವರು ಒಂದೇ ಮಾತನ್ನು ಒತ್ತಿಹೇಳಿದರು. ಯೂರೋಪಿಗೆ ಐಕ್ಯ ಒಂದು ಆದರ್ಶವಾಗಿರಬಹುದು, ಭಾರತದ ಸಭೆಗೆ ಅದು ಜೀವನ್ಮರಣದ ವಿಷಯ. ಈ ಎರಡು ಸಮ್ಮೇಳನಗಳ ನಡುವೆ ಈ ಮಾತಿಗೆ ಹೊಸ ತೂಕ ಬಂದಿತ್ತು. 1935ರ ಅಕ್ಟೋಬರಿನಲ್ಲಿ ಯೇವಲೆಯಲ್ಲಿ ಡಾ. ಅಂಬೇಡ್ಕರರು ತಾವು ಹಿಂದೂವಾಗಿ ಸಾಯುವುದಿಲ್ಲವೆಂದು ಘೋಷಿಸಿದ ಮೇಲೆ ಎಲ್ಲ ಮತಗಳ ಮುಂದಾಳುಗಳ ಕಣ್ಣೂ ಅತ್ತ ತಿರುಗಿದವು. ಕ್ರೈಸ್ತಧರ್ಮವನ್ನು ಪರಿಶೀಲಿಸಿದ ದಲಿತ ನಾಯಕರು ಕೇಳಿದ ಪ್ರಶ್ನೆ ಅಜರಯ್ಯನವರ ಮುಂದೆಯೂ ಬಂದಿತು. ನಿಮ್ಮಲ್ಲಿರುವ ಇಷ್ಟು ಸಭೆಗಳಲ್ಲಿ ನಾವು ಯಾವುದನ್ನು ಸೇರಬೇಕು? ಬೇರೆಬೇರೆಯಾಗಿ ಸೇರಿ ನಮ್ಮೊಳಗಿನ ಒಗ್ಗಟ್ಟನ್ನೂ ಕಳೆದುಕೊಳ್ಳಬೇಕೇ? ಇದಕ್ಕೆ ಅವರ ಬಳಿ ಸಮರ್ಪಕವಾದ ಉತ್ತರವಿರಲಿಲ್ಲ.

ಇದೇ ವರ್ಷಗಳಲ್ಲಿ ಗಾಂಧೀಜಿಯವರೊಡನೆ ಮತಾಂತರದ ವಿಷಯವಾಗಿ ಭಿನ್ನಾಭಿಪ್ರಾಯ ತೀವ್ರವಾಯಿತು. ಸಾಮೂಹಿಕ ಮತಾಂತರದಲ್ಲಿ ಹರಿಜನರಿಗೆ ಧಾರ್ಮಿಕ ವಿವೇಚನೆಯಿಲ್ಲವೆಂಬುದು ಗಾಂಧೀಜಿಯವರ ಆಕ್ಷೇಪ. ಓದುಬರಹವಿಲ್ಲದವನಿಗೂ ತನ್ನ ದೇವರನ್ನು ಆರಿಸಿಕೊಳ್ಳುವ ಬುದ್ಧಿಯುಂಟೆಂಬುದು ಅಜರಯ್ಯನವರ ಉತ್ತರ. ಅವರು ಇಂಗ್ಲಿಷರ ಪಕ್ಷದವರೆಂದು ಇದರಿಂದ ಭಾವಿಸಬಾರದು. 1932ರ ಕೋಮುವಾರು ತೀರ್ಪು ಕ್ರೈಸ್ತರಿಗೂ ಪ್ರತ್ಯೇಕ ಮತಕ್ಷೇತ್ರಗಳನ್ನು ಕೊಟ್ಟಾಗ ಅದನ್ನು ಬಲವಾಗಿ ವಿರೋಧಿಸಿದವರಲ್ಲಿ ಅವರೊಬ್ಬರು. ಸಭೆ ಒಂದು ಕೋಮಲ್ಲ, ಅದನ್ನು ಕೋಮಾಗಿ ಎಣಿಸುವುದು ಅದರ ಸ್ವರೂಪಕ್ಕೇ ಪೆಟ್ಟು ಎಂದು ವಾದಿಸಿದರು.

1939ರ ಜನವರಿ 6ರಂದು ದೋರ್ನಕಲ್ಲಿನ ಎಪಿಫನಿ ಕೆಥೆಡ್ರಲಿನ ಪ್ರತಿಷ್ಠೆ ನಡೆಯಿತು. ದ್ರಾವಿಡ ಗುಡಿಗಳ ಕಂಬಗಳು, ಮುಸ್ಲಿಂ ವಾಸ್ತುವಿನ ಗುಮ್ಮಟಗಳು, ಒಳಗೆ ಶಿಲುಬೆ. ಇದನ್ನು ಮುಗಿಸಲು ಸುಮಾರು ಕಾಲು ಶತಮಾನ ಹಿಡಿಯಿತು. ಸಭೆಯೆಂದರೆ ಕಟ್ಟಡವಲ್ಲವೆಂದು ಮೇಲೆ ಹೇಳಿದೆ. ಕಟ್ಟಡವೂ ಒಮ್ಮೊಮ್ಮೆ ಸಭೆಯ ಮನಸ್ಸನ್ನು ಹೇಳುತ್ತದೆ.

ಐಕ್ಯವನ್ನು ನೋಡುವ ಯೋಗ ಅವರಿಗಿರಲಿಲ್ಲ. 1945ರ ಜನವರಿ 1ರಂದು, ಹಳ್ಳಿಗಳ ಪ್ರವಾಸ ಮುಗಿಸಿ ಬಂದು ಜ್ವರದಿಂದ ಮಲಗಿದವರು, ದೋರ್ನಕಲ್ಲಿನಲ್ಲಿ ತೀರಿಕೊಂಡರು. ಕೆಥೆಡ್ರಲಿನ ಬಳಿಯಲ್ಲಿಯೇ ಸಮಾಧಿ ಮಾಡಿದರು. ಕೆಲವೇ ವಾರಗಳಲ್ಲಿ ಕಲ್ಕತ್ತೆಯಲ್ಲಿ ಕೂಡಿದ ಆಂಗ್ಲಿಕನ್ ಮಹಾಸಭೆ ದಕ್ಷಿಣದ ತನ್ನ ಪ್ರಾಂತ್ಯಗಳು ಐಕ್ಯವನ್ನು ಸೇರಲು ಸಮ್ಮತಿಸಿತು. ಮೆಥಡಿಸ್ಟರು 1943ರಲ್ಲಿಯೇ ಒಪ್ಪಿದ್ದರು, ದಕ್ಷಿಣ ಭಾರತ ಐಕ್ಯ ಸಭೆ 1946ರಲ್ಲಿ ಒಪ್ಪಿತು. ಸ್ವಾತಂತ್ರ್ಯ ಬಂದ ಆರು ವಾರಗಳ ಮೇಲೆ, 1947ರ ಸೆಪ್ಟೆಂಬರ್ 27ರಂದು, ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲಿನಲ್ಲಿ ದಕ್ಷಿಣ ಇಂಡಿಯಾ ಸಭೆ ಅಸ್ತಿತ್ವಕ್ಕೆ ಬಂದಿತು. ಬಿಷಪ್ಪರಿರುವ ಸಭೆಯೂ ಬಿಷಪ್ಪರಿಲ್ಲದ ಸಭೆಗಳೂ ಹೀಗೆ ಒಂದಾದದ್ದು ಸುಧಾರಣಾಯುಗದ ಅನಂತರ ಜಗತ್ತಿನಲ್ಲಿ ಅದೇ ಮೊದಲು. ದೇಶ ಇಬ್ಭಾಗವಾಗಿ ನೆತ್ತರು ಹರಿಯುತ್ತಿದ್ದ ತಿಂಗಳದು. ಅಂದು ಅಭಿಷಿಕ್ತರಾದ ಹೊಸ ಬಿಷಪ್ಪರಲ್ಲಿ ಮಧುರೆ ರಾಮನಾಡಿನ ಲೆಸ್ಲಿ ನ್ಯೂಬಿಗಿನ್ ಇದ್ದರು, ಮೈಸೂರಿನ ಪಿ. ಗುರುಶಾಂತರೂ ಇದ್ದರು. ಬಳ್ಳಾರಿಯ ಕಾಂಗ್ರಿಗೇಷನಲಿಸ್ಟನೂ ಮೈಸೂರಿನ ಮೆಥಡಿಸ್ಟನೂ ಅಂದಿನಿಂದ ಒಂದೇ ಸಭೆಯವರಾದರು. 1950ರಲ್ಲಿ ಹೊರಬಂದ ಹೊಸ ಆರಾಧನಾ ಕ್ರಮದಲ್ಲಿ, ಪ್ರಭುಭೋಜನದ ಮುಂಚೆ, ಸಮಾಧಾನದ ವಂದನೆಯನ್ನು ಕೈಯಿಂದ ಕೈಗೆ ದಾಟಿಸುವ ಪದ್ಧತಿಯನ್ನು ಕೇರಳದ ಸಿರಿಯನ್ ಪರಂಪರೆಯಿಂದ ತೆಗೆದುಕೊಂಡು ಸೇರಿಸಿದರು. ಪಕ್ಕದಲ್ಲಿರುವವರು ಯಾರೇ ಆಗಿರಲಿ ಅವರ ಕೈಯನ್ನು ಮುಟ್ಟಲೇಬೇಕು.

ಲೂಥರನರಲ್ಲಿ ಬಹುಭಾಗವೂ ಬ್ಯಾಪ್ಟಿಸ್ಟರೂ ಹೊರಗೇ ಉಳಿದರು. ಆದುದರಿಂದ ತೆಲುಗು ನಾಡಿನಲ್ಲಿ ಪಂಗಡದ ಗೋಡೆಯೂ ಕೇರಿಯ ಗೋಡೆಯೂ ಒಂದಾಗಿದ್ದ ಕಡೆಗಳಲ್ಲಿ ಅವು ಹಾಗೆಯೇ ನಿಂತವು. ಐಕ್ಯ ಸಭೆಯ ಒಳಗೂ ಜಾತಿಯ ಮಾತು ಅಳಿಯಲಿಲ್ಲ, ಚುನಾವಣೆಗಳ ಕಾಲಕ್ಕೆ ಮತ್ತೆ ತಲೆಯೆತ್ತಿತು. ಇದೆಲ್ಲಕ್ಕಿಂತ ವಿಪರ್ಯಾಸದ ಸಂಗತಿ ಅಜರಯ್ಯನವರ ಸ್ವಂತ ಪ್ರಾಂತ್ಯದಲ್ಲಿಯೇ ನಡೆಯಿತು. ದೋರ್ನಕಲ್ ಪ್ರಾಂತ್ಯಕ್ಕೆ ಸೇರಿದ್ದ ನಂದ್ಯಾಲದ ಕಡೆಯ ಸಾವಿರಾರು ಆಂಗ್ಲಿಕನ್ ಕ್ರೈಸ್ತರು 1947ರಲ್ಲಿ ಐಕ್ಯವನ್ನು ಒಪ್ಪದೆ ಹಳೆಯ ಸಭೆಯಲ್ಲಿಯೇ ನಿಂತರು. ಒಂದೇ ಸೀಮೆಯಲ್ಲಿ, ಅದೇ ಬಿಷಪ್ಪರಿಂದ ದೃಢೀಕರಣ ಪಡೆದಿದ್ದವರು ಎರಡು ಸಭೆಗಳಾದರು. ನಂದ್ಯಾಲದವರು ದಕ್ಷಿಣ ಇಂಡಿಯಾ ಸಭೆಯನ್ನು ಸೇರಿದ್ದು 1970ರ ದಶಕದಲ್ಲಿ, ಅಜರಯ್ಯನವರು ತೀರಿಕೊಂಡ ಸುಮಾರು ಮೂವತ್ತು ವರ್ಷಗಳ ಮೇಲೆ.